ಲೆಕ್ಕಕ್ಕೆ ಸಿಗದ ಸುಗಂಧಾ ಅಕ್ಕೋರು

ಹಟ್ಟಿಕೇರಿಯ ಸುಗಂಧಾ ನಾಯಕರು ಅಂಕೋಲೆಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಗ್ರಂಥಪಾಲಕಿ. ಎಲ್ಲರ ಬಾಯಲ್ಲೂ ಅವರು ಸುಗಂಧಾ ಅಕ್ಕೋರು. ದನಿ ಎಷ್ಟು ಸಣ್ಣದೆಂದರೆ, ಬಸ್ಸಿನಲ್ಲಿ ಅವರು ‘ಇಲ್ಲೇ ಇಳೀತೆ’ ಎಂದದ್ದು ಕಂಡಕ್ಟರನಿಗೆ ಕೇಳದೆ ಮುಂದಿನ ನಿಲ್ದಾಣದಿಂದ ಎಷ್ಟೋ ಸಲ ನಡೆದು ಬಂದದ್ದುಂಟು. ಯಾರಾದರೂ ಪುಸ್ತಕ ಕೇಳಿದರೆ ಕುರ್ಚಿಯಿಂದೆದ್ದು ಹತ್ತಿರ ಹೋಗಿ, ಅವರಿಗಷ್ಟೇ ಕೇಳುವಂತೆ ಹೇಳಿ ಬರುವರು.

2005ರಲ್ಲಿ ಜಿಲ್ಲೆಯ ಕಾಲೇಜುಗಳ ಗ್ರಂಥಪಾಲಕರು ಸೇರಿ ಒಂದು ಇ-ಮೇಲ್ ಬಳಗ ಕಟ್ಟಿದರು. ಪುಸ್ತಕಕ್ಕೆ ಹುಳ ಹಿಡಿದರೆ ಏನು ಮಾಡುವುದು, ಕೊಂಕಣಿ ಪುಸ್ತಕಗಳನ್ನು ಯಾವ ಕಪಾಟಿನಲ್ಲಿ ಜೋಡಿಸುವುದು, ಹೀಗೆ ಒಬ್ಬರು ಕೇಳಿದ ಪ್ರಶ್ನೆ ಅರವತ್ತು ಜನರಿಗೂ ತಲುಪುತ್ತಿತ್ತು. ಕಾಲೇಜಿನಲ್ಲಿ ತಮ್ಮ ಕಸುಬಿನ ಮಾತಾಡಲು ಇನ್ನೊಂದು ನರಪಿಳ್ಳೆಯೂ ಇಲ್ಲದ ಅಕ್ಕೋರಿಗೆ ಈ ಬಳಗವೆಂದರೆ ಜೀವ. ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಒಂದು ಪತ್ರವನ್ನೂ ಬಿಡದೆ ಓದುವರು. ಗೊತ್ತಿದ್ದರೆ ಉತ್ತರವನ್ನೂ ಬರೆಯುವರು, ಆದರೆ ಕೇಳಿದವರೊಬ್ಬರಿಗೇ. ಒಬ್ಬರ ಪ್ರಶ್ನೆಗಾಗಿ ಅರವತ್ತು ಜನರ ಬಾಗಿಲು ಬಡಿಯುವುದು ಅವರ ಪ್ರಕಾರ ಮರ್ಯಾದೆಯಲ್ಲ.

ಮೂರು ವರ್ಷ ತುಂಬುವಾಗ ಬಳಗದ ಅಧ್ಯಕ್ಷೆ ಭಾರತಿ ಮೇಡಂ ಫೋನ್ ಮಾಡಿದರು.

“ಅಕ್ಕೋರೆ, ಯಾರು ಎಷ್ಟು ಬರದಾರೆ ಅಂತ ನೀವೇ ಒಂದು ಲೆಕ್ಕ ತೆಗೀರಿ. ಒಂದೂ ಬರೀದವ್ರನ್ನ ಈ ಸಲ ತೆಗ್ದೇ ಹಾಕೂದು. ಸುಮ್ನೆ ಹೆಸ್ರು ತುಂಬ್ಸಕಂಡು ಎಂತ ಮಾಡೂದು?”

ಅಕ್ಕೋರು ಎರಡು ವಾರ ಕುಳಿತು ಎಣಿಸಿದರು. ಒಟ್ಟು ಸಾವಿರದ ನೂರಕ್ಕೂ ಹೆಚ್ಚು ಪತ್ರ. ಅದರಲ್ಲಿ ಅರ್ಧಕ್ಕರ್ಧ ಐದೇ ಜನರವು. ಮೊದಲನೆಯವನು ಕಾರವಾರದ ಸಂದೀಪ, ಇನ್ನೂರ ಹದಿನೆಂಟು ಪತ್ರ. ಒಂದನ್ನೂ ಬರೆಯದವರು ಒಂಬತ್ತು ಮಂದಿ. ಒಂಬತ್ತನೆಯ ಹೆಸರು ಸುಗಂಧಾ ನಾಯಕ.

ಅಕ್ಕೋರು ಮತ್ತೆ ಎಣಿಸಿದರು. ಪಾಪ, ಸೊನ್ನೆಯನ್ನು ಎಷ್ಟು ಸಲ ಎಣಿಸಿದರೇನು? ಈಗಲೇ ಬಳಗಕ್ಕೊಂದು ‘ಎಲ್ಲರಿಗೂ ನಮಸ್ಕಾರ’ ಕಳಿಸಿಬಿಟ್ಟರೆ ಆಯಿತಲ್ಲ ಎಂದು ಆಸೆಯೂ ಆಯಿತು. ಎಣಿಸಲು ಕೂತವಳೇ ಲೆಕ್ಕ ತಿದ್ದುವುದೇ, ಛೆ, ಎಂದುಕೊಂಡು ತೆಗೆಯಬೇಕಾದವರ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಬರೆದರು. ಅಂದು ಅವರಿಗೆ ಊಟ ಸೇರಲಿಲ್ಲ.

ಕಾರವಾರದಲ್ಲಿ ನಡೆದ ಬಳಗದ ಸಭೆಯಲ್ಲಿ ಅಕ್ಕೋರೇ ಮೈಕು ಹಿಡಿದು ಲೆಕ್ಕ ಓದಿದರು. ಸಂದೀಪನ ಹೆಸರಿಗೆ ಭರ್ಜರಿ ಚಪ್ಪಾಳೆ ಬಿತ್ತು. ಕೊನೆಗೆ ತಮ್ಮ ಹೆಸರನ್ನೂ ಓದಿ ಮುಗಿಸಿ ತಲೆ ತಗ್ಗಿಸಿ ನಿಂತರು.

ಸಂದೀಪ ಎದ್ದ. ಅವನ ಕಿವಿ ಕೆಂಪಾಗಿತ್ತು.

“ನಂಗೆ ಚಪ್ಪಾಳೆ ಬ್ಯಾಡ. ನಾ ಬಳಗಕ್ಕೆ ಬರ್ದ ಉತ್ರದಲ್ಲಿ ಅರ್ಧ ನಾ ಕೇಳ್ದಾಗ ಅಕ್ಕೋರು ನಂಗೊಬ್ಬಂಗೇ ಹೇಳ್ಕೊಟ್ಟದ್ದು. ಅವ್ರ ಹೆಸ್ರು ಹಾಕ್ದೇ ನಂದೇ ಅಂತ ಬರ್ದೆ.”

“ಹುಳಕ್ಕೆ ಮದ್ದು ನಂಗೆ ಹೇಳಿದ್ದೂ ಅವ್ರೇಯ,” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. “ನಂಗೂ ಬರದಿದ್ರು,” ಎಂದು ಇನ್ನೊಬ್ಬರು. ನೋಡುನೋಡುತ್ತ ಕೈಗಳು ಎದ್ದವು. ಅಭ್ಯಾಸಬಲದಿಂದ ಅಕ್ಕೋರು ಅವನ್ನೂ ಎಣಿಸಲು ಹೊರಟರು. ಹದಿನೇಳರ ಹೊತ್ತಿಗೆ ಕಣ್ಣು ತುಂಬಿ ಮುಂದಿನ ಕೈಗಳು ಕಾಣಲಿಲ್ಲ. ಅಷ್ಟು ಸಂತೋಷ ಅವರಿಗೆ ನೌಕರಿಯ ಆದೇಶ ಸಿಕ್ಕಿದ ದಿನವೂ ಆಗಿರಲಿಲ್ಲ.

ಭಾರತಿ ಮೇಡಂ ನಗುತ್ತ ಪೆನ್ನು ಮುಂದೆ ಹಿಡಿದರು. “ತಗಳ್ಳಿ ಅಕ್ಕೋರೆ, ತೆಗ್ದ್ ಹಾಕೂ ಪಟ್ಟಿಯಿಂದ ನಿಮ್ಮ ಹೆಸ್ರು ಹೊಡದ್ ಹಾಕಿ.”

ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪೆನ್ನು ಮುಟ್ಟಲಿಲ್ಲ.

“ನಂದೊಂದೇ ಹೊಡದ್ರೆ ಹ್ಯಾಂಗೆ? ಉಳದ ಎಂಟು ಜನ ಯಾರ್ಯಾರಿಗೆ ಏನೇನು ಬರದಾರೋ, ನಮ್ಗೇನು ಗೊತ್ತು?”

ಭಾರತಿ ಮೇಡಂ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಒಂಬತ್ತೂ ಹೆಸರುಗಳನ್ನು ತಾವೇ ಹೊಡೆದು ಹಾಕಿದರು.