ಶಾಲುಬಾಯಿ ಹೆಸರಿನ ಐದು ಚುಕ್ಕಿ

ಬೀದರಿನ ಚಿದ್ರಿಯ ಹೆಂಗಸರು ಶಾಲುಬಾಯಿ ತೆಗೆದ ಅಳತೆಯನ್ನು ಮತ್ತೆ ಅಳೆಯುವುದಿಲ್ಲ. ಟೇಪು ಹಿಡಿದು ಒಮ್ಮೆ ತೋಳು, ಒಮ್ಮೆ ಬೆನ್ನು ನೋಡಿದಳೆಂದರೆ ಮುಗಿಯಿತು, ಜಂಪರ್ ಮೈಗೆ ಕೂತೇ ಕೂರುತ್ತದೆ. ಮಾತೂ ಹಾಗೆಯೇ. ಬಟ್ಟೆ ಬಣ್ಣ ಬಿಡುವಂಥದ್ದಾದರೆ ಕತ್ತರಿ ಹಾಕುವ ಮೊದಲೇ ಹೇಳಿಬಿಡುತ್ತಾಳೆ. ಗುರುವಾರ ಕೊಡುತ್ತೇನೆಂದರೆ ಗುರುವಾರವೇ ಕೊಡುತ್ತಾಳೆ. ಹೊಲಿಗೆಯವರಲ್ಲಿ ಇದು ಎಷ್ಟು ಅಪರೂಪ ಎಂಬುದು ಜಂಪರ್ ಹೊಲಿಸಿದವರಿಗೆಲ್ಲ ಗೊತ್ತು. ತವರೂರು ಠಾಣಾ ಕುಶನೂರಿನಲ್ಲಂತೂ 'ಶಾಲುಬಾಯಿ ಅಂದಾಳಂದ್ರ ಆಯ್ತು' ಎಂಬ ಮಾತು ಗಾದೆಯ ಹಾಗೆ ಓಡಾಡುತ್ತಿತ್ತು.

ಇಂಥವಳ ಹೆಸರನ್ನು ಬೀದರಿನ ಒಂದು ದವಾಖಾನೆ ಕದ್ದಿತು. ಕದ್ದಿತು ಎಂದೇ ಹೇಳಬೇಕು, ಇದಕ್ಕೆ ಮರ್ಯಾದೆಯ ಪದ ಬೇರೆ ಇಲ್ಲ.

ಅವಳ ಗಂಡ ಟೆಂಪೊ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಣ್ಣು ಮಾಡಿ ಬಂದ ಮಂದಿ ಚಹಾ ಕುಡಿದು ಊರಿಗೆ ಹೋದರು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಶಾಲುಬಾಯಿಗೆ ಆ ಟೆಂಪೊದ ಹಾರ್ನ್ ಕೇಳಿಸತೊಡಗಿತು. ಎದ್ದು ಬಾಗಿಲು ತೆಗೆಯುತ್ತಿದ್ದಳು. ಓಣಿ ಖಾಲಿ ಇರುತ್ತಿತ್ತು. ಮತ್ತೆ ಕೇಳಿಸಿದರೆ ಮತ್ತೆ ಏಳುತ್ತಿದ್ದಳು. ನಿದ್ದೆ ಹೋಯಿತು, ಊಟ ಹೋಯಿತು.

ಇದನ್ನು ಗಮನಿಸಿದ್ದು ಪಕ್ಕದ ಮನೆಯ ವಜೀರಬೀ ಒಬ್ಬಳೇ.

"ಶಾಲೂ, ತಲಿ ಡಾಕ್ಟರಿಗಿ ತೋರಿಸೋಣ ನಡಿ. ಇದ್ರಾಗ ಶರಮ್ ಏನದ?" ಎಂದಳು.

"ಬರ್ತೇನಿ. ಆದ್ರ ಕುಶನೂರಿನ ಒಂದು ನರಪಿಳ್ಳಿಗೂ ಗೊತ್ತಾಗಬಾರ್ದು ನೋಡು."

ನಮ್ಮ ಮಂದಿ ಹೀಗೇ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೆ ತಮ್ಮ ಮೂಲವ್ಯಾಧಿಯ ಕಥೆಯನ್ನು ಭಾಲ್ಕಿ ಬರುವ ತನಕ ಹೇಳುತ್ತಾರೆ. ನಿದ್ದೆ ಬರುತ್ತಿಲ್ಲ ಎಂಬುದನ್ನು ಮಾತ್ರ ಒಡಹುಟ್ಟಿದವರಿಗೂ ಹೇಳುವುದಿಲ್ಲ. 'ತಲಿ ಕೆಟ್ಟವರ ಮನಿ' ಎಂದು ಒಮ್ಮೆ ಬಾಯಿಗೆ ಬಿತ್ತೆಂದರೆ ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಶಾಲುಬಾಯಿಗೆ ಮಕ್ಕಳಿರಲಿಲ್ಲ, ಆದರೆ ತಮ್ಮ ಮಚ್ಛೇಂದ್ರನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು.

ಬೀದರಿನ ಆ ದವಾಖಾನೆಯಲ್ಲಿ ಕುರ್ಚಿ ಮೆತ್ತಗಿದ್ದವು, ಗೋಡೆಗೆ ತಣ್ಣನೆ ಗಾಳಿಯ ಯಂತ್ರವಿತ್ತು. 'ಮೊಬೈಲ್ ಒಳಗೆ ತರಬಾರದು' ಎಂಬ ಬೋರ್ಡಿನ ಕೆಳಗೆ ಕಂಪೌಂಡರ್ ಮಾಧವ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟುಕೊಂಡು ಕೂತಿದ್ದ.

"ಲಾಕ್ ತಗದು ಕೊಡ್ರಿ ಬಾಯೀ. ಮನಿಯವರ ಫೋನ್ ಬಂದ್ರ ನಾನೇ ಎತ್ತಿ ಹೇಳ್ತೇನಿ."

ಕೊಟ್ಟಳು. ಯಾಕೆ ಕೊಡಬಾರದು? ನಮ್ಮ ಕಡೆ ಮೊಬೈಲ್ ಎಂದರೆ ನೀರಿನ ತಂಬಿಗೆ ಇದ್ದ ಹಾಗೆ, ಕೇಳಿದವರಿಗೆ ಕೊಡುವುದೇ ರೂಢಿ. ರೀಚಾರ್ಜ್ ಅಂಗಡಿಯವನು ಒತ್ತುತ್ತಾನೆ, ಗ್ಯಾಸಿನವನು ಒತ್ತುತ್ತಾನೆ, ಬ್ಯಾಂಕಿನ ಬಾಗಿಲಲ್ಲಿ ನಿಂತವನೂ ಒತ್ತುತ್ತಾನೆ. ಅವಳ ಫೋನಿಗೆ 'ಶಾಲುಬಾಯಿ ಟೇಲರ್ ಚಿದ್ರಿ' ಎಂದು ಹೆಸರು ಹಾಕಿ, ಮಿಷನ್ ಮುಂದೆ ಕೂತ ಫೋಟೊ ಇಟ್ಟುಕೊಟ್ಟಿದ್ದೂ ವಜೀರಬೀಯ ಮಗಳೇ.

ಡಾಕ್ಟರ್ ಸಾಹೇಬರು ಮುಖ ಎತ್ತಲಿಲ್ಲ. ಹಾರ್ನಿನ ಕಥೆ ಅರ್ಧಕ್ಕೆ ಬರುವುದರೊಳಗೆ ಚೀಟಿ ಬರೆದು ಮುಗಿದಿತ್ತು. ಒಂದು ಸೂಜಿ, ಮೇಲೆ ಒಂದು ಪುಡಿಕೆ ಗುಳಿಗೆ. ಮರುದಿನ ಮಿಷನ್ ತುಳಿಯುತ್ತಿದ್ದಾಗ ಕಣ್ಣು ತಾವಾಗಿ ಮುಚ್ಚಿಕೊಂಡವು. ಎಚ್ಚರಾದಾಗ ಸೂಜಿ ತೋರುಬೆರಳಿನ ಉಗುರನ್ನು ತೂರಿ ಬಟ್ಟೆಯ ಜೊತೆಗೇ ಬೆರಳನ್ನೂ ಹೊಲಿದಿತ್ತು. ವಜೀರಬೀ ಚಕ್ರ ಹಿಂದಕ್ಕೆ ತಿರುಗಿಸಿ ಬಿಡಿಸಿದಳು. ಬಟ್ಟೆ ಸುತ್ತಿದ ಬೆರಳಿನೊಂದಿಗೆ ಮತ್ತೆ ಹೋದರೆ ಸಾಹೇಬರು, "ನಿದ್ದೆ ಬರ್ತಿದೆಯಲ್ಲಮ್ಮ, ಅದಕ್ಕೇ ತಾನೆ ಬಂದಿದ್ದು?" ಎಂದು ಅದೇ ಗುಳಿಗೆಯನ್ನು ಮುಂದುವರಿಸಿದರು. ಅವಳು ಆ ದಾರಿ ಬಿಟ್ಟಳು.

ಅವಳಿಗೆ ಗುಣವಾದದ್ದು ಭಾಲ್ಕಿಯಲ್ಲಿ. ಅಲ್ಲಿ ನಲಿನಿ ಎಂಬ ಡಾಕ್ಟರಮ್ಮ ಮುರುಕು ಬೆಂಚುಗಳ ಒಂದು ಸಣ್ಣ ದವಾಖಾನೆ ನಡೆಸುತ್ತಿದ್ದರು. ಅವರು ಕೇಳಿದ ಮೊದಲ ಪ್ರಶ್ನೆಯೇ, "ಏನ್ ಕೆಲಸ ಮಾಡ್ತೀರಿ?" ಎಂದು. ಹೊಲಿಗೆ ಎಂದಾಗ ಅವಳ ಬೆರಳು ಹಿಡಿದು ನೋಡಿ, ಯಾವ ಗುಳಿಗೆ, ಯಾರು ಕೊಟ್ಟರು ಎಂದೆಲ್ಲ ವಿಚಾರಿಸಿದರು. ಆಮೇಲೆ ಹಾರ್ನಿನ ಕಥೆಯನ್ನು ಕೊನೆಯ ತನಕ ಕೇಳಿದರು. ಬೇರೆ ಗುಳಿಗೆ ಕೊಟ್ಟರು, ಹೋದಾಗಲೆಲ್ಲ ಮಾತಾಡಿಸಿದರು. ಈಗಲೂ ಒಮ್ಮೊಮ್ಮೆ ಸಂಜೆ ಹಾರ್ನ್ ಕೇಳಿಸುತ್ತದೆ. ಅವಳು ಬಾಗಿಲಿಗೆ ಹೋಗುವುದಿಲ್ಲ.

ಅಷ್ಟರಲ್ಲಿ ಬರಗಾಲ ಬಿತ್ತು. ಮಾಂಜ್ರಾ ನದಿಯಲ್ಲಿ ಮರಳು ಬಿಟ್ಟರೆ ಮತ್ತೇನೂ ಉಳಿಯಲಿಲ್ಲ. ಮದುವೆಗಳು ಮುಂದಕ್ಕೆ ಹೋದವು, ಶಾಲುಬಾಯಿಗೆ ಹೊಸ ಜಂಪರ್ ಬರುವುದು ನಿಂತಿತು. ಹೆಂಗಸರು ಹಳೆಯವನ್ನೇ ತಂದು ಬಿಗಿ ಮಾಡಿಕೊಡು ಎಂದರು, ಮೈ ಅಷ್ಟು ಇಳಿದಿತ್ತು. ಔರಾದ ತಾಲೂಕಿನ ಮನೆಮನೆಗೆ ಬೀಗ ಬಿದ್ದು ಮಂದಿ ಪುಣೆ, ಹೈದರಾಬಾದ್ ಸೇರಿದರು. ಮಚ್ಛೇಂದ್ರನೂ ಹೆಂಡತಿ ಕೌಸಲ್ಯಾಬಾಯಿ ಮತ್ತು ಮಗಳನ್ನು ಕುಶನೂರಿನಲ್ಲಿ ಬಿಟ್ಟು ಪುಣೆಗೆ ಗಾರೆ ಕೆಲಸಕ್ಕೆ ಹೋದ. ವಾರಕ್ಕೊಮ್ಮೆ ಅಕ್ಕನಿಗೆ ಫೋನ್ ಮಾಡಿ, "ಜೈ ಭೀಮ್ ಅಕ್ಕಾ, ಆರಾಮ ಇದ್ದೇನಿ" ಎನ್ನುತ್ತಿದ್ದ. ಆರಾಮ ಇರಲಿಲ್ಲ. ಸಿಮೆಂಟ್ ಚೀಲಗಳ ಹಿಂದೆ ಕೂತು ಅಳುತ್ತಿದ್ದ, ಕೈಯಲ್ಲಿ ಹಿಡಿದ ರೊಟ್ಟಿ ಹಾಗೇ ಒಣಗುತ್ತಿತ್ತು. ಅಕ್ಕ ಮುಚ್ಚಿಟ್ಟ ಹಾಗೆಯೇ ತಮ್ಮನೂ ಮುಚ್ಚಿಟ್ಟ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೆ!

ಆಮೇಲೆ ಒಂದು ದಿನ ಕೌಸಲ್ಯಾಬಾಯಿಯ ಫೋನ್ ಬಂತು. ಮಚ್ಛೇಂದ್ರ ಎರಡನೇ ಮಹಡಿಯ ಸ್ಲ್ಯಾಬಿನಿಂದ ಬಿದ್ದಿದ್ದ. ಕಾಲಿಗೆ ರಾಡು ಹಾಕಿಸಿಕೊಂಡು ಊರಿಗೆ ಬಂದು ಮಲಗಿದ್ದ.

ಶಾಲುಬಾಯಿ ಸಿಕ್ಕ ಬಸ್ಸು ಹತ್ತಿ ಕುಶನೂರಿಗೆ ಹೋದಳು. ಮಂಚದ ಸುತ್ತ ಓಣಿಯ ನಾಲ್ಕಾರು ಮಂದಿ ಕೂತಿದ್ದರು. ಮಚ್ಛೇಂದ್ರ ಅಕ್ಕನನ್ನು ನೋಡಿ ಅಳಲಿಲ್ಲ. ತನ್ನ ಮೊಬೈಲ್ ಮುಂದೆ ಚಾಚಿದ.

"ಇದು ನೀನೇ ಬರ್ದಿ ಅಲ್ಲ ಅಕ್ಕಾ?"

ಪರದೆಯ ಮೇಲೆ ಬೀದರಿನ ಆ ದವಾಖಾನೆಯ ಹೆಸರು, ಅದರ ಕೆಳಗೆ ಹೋಗಿ ಬಂದವರ ಅಭಿಪ್ರಾಯಗಳ ನಡುವೆ ಮಿಷನ್ ಮುಂದೆ ಕೂತ ಅವಳದೇ ಫೋಟೊ. ಶಾಲುಬಾಯಿ ಟೇಲರ್ ಚಿದ್ರಿ. ಐದು ಚುಕ್ಕಿ. ಕೆಳಗೆ ಇಂಗ್ಲಿಷ್. ಸೈಟಿನ ಸೂಪರ್‌ವೈಜರ್ ಮಚ್ಛೇಂದ್ರ ಬೀದರಿನ ಡಾಕ್ಟರರನ್ನು ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕ ಅದನ್ನು ಅವನಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದ್ದನಂತೆ: ಡಾಕ್ಟರು ದೇವರಂಥವರು, ಒಂದೇ ಸಲಕ್ಕೆ ನನ್ನ ತಲೆಯ ಕಾಯಿಲೆ ಪೂರ್ತಿ ವಾಸಿಯಾಯಿತು, ಎಲ್ಲರೂ ಇಲ್ಲಿಗೇ ಬನ್ನಿ. ಅಕ್ಕನಿಗೆ ಇಂಗ್ಲಿಷ್ ಎಲ್ಲಿಂದ ಬಂತು ಎಂದು ಅವನಿಗೆ ಅನಿಸಲಿಲ್ಲ. ವಜೀರಬೀಯ ಮಗಳ ಕೈಲಿ ಬರೆಸಿರಬೇಕು ಅಂದುಕೊಂಡ. ನೂರು ಮಂದಿ ಹೊಗಳಿದ್ದರೆ ಅವನು ಅಲ್ಲಾಡುತ್ತಿರಲಿಲ್ಲ. ಶಾಲುಬಾಯಿ ಅಂದಾಳಂದ್ರ ಆಯ್ತು! ಅಕ್ಕನಿಗೂ ಹೇಳದೆ ಬೀದರಿಗೆ ಬಂದ, ಸೂಜಿ ಮಾಡಿಸಿಕೊಂಡ, ಗುಳಿಗೆ ನುಂಗುತ್ತಾ ಪುಣೆಗೆ ಹೋಗಿ ಸ್ಲ್ಯಾಬು ಹತ್ತಿದ. ಅಲ್ಲಿ ಅವನ ಕಣ್ಣು ಮುಚ್ಚಿಕೊಂಡವು.

ಶಾಲುಬಾಯಿಯ ಬೆರಳು ಜುಮ್ಮೆಂದಿತು. ಬುಟ್ಟಿ ನೆನಪಾಯಿತು, ಲಾಕ್ ತೆಗೆಸಿದ್ದು ನೆನಪಾಯಿತು.

"ಇದು ನಾ ಬರ್ದಿಲ್ಲೋ ತಮ್ಮಾ. ನಮ್ಮಪ್ಪನ ಆಣೆ, ನಾ ಬರ್ದಿಲ್ಲ."

"ಹಂಗಾದ್ರ ಆ ದವಾಖಾನಿಗಿ ನೀ ಹೋಗೇ ಇಲ್ಲ?"

ಓಣಿಯ ಮಂದಿ ಅವಳ ಬಾಯನ್ನೇ ನೋಡುತ್ತಿದ್ದರು. ಬಾಗಿಲ ಬಳಿ ಮಚ್ಛೇಂದ್ರನ ಮಗಳು ನಿಂತಿದ್ದಳು.

"ಹೋಗಿದ್ದೆ... ಡಾಕ್ಟರ್ ಹೆಂಡ್ತಿದು ಜಂಪರ್ ಇತ್ತು, ಕೊಡಾಕ ಹೋಗಿದ್ದೆ."

ಒಂದಿಷ್ಟು ಬಟ್ಟೆಯ ವಿಷಯದಲ್ಲೂ ಸುಳ್ಳು ಹೇಳದ ಬಾಯಿ ಅಂದು ತಮ್ಮನ ಮುಂದೆ ಸುಳ್ಳು ಹೇಳಿತು. ಮಚ್ಛೇಂದ್ರ ದಡ್ಡನಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಆಮೇಲೆ ಊಟ ಬಿಟ್ಟ. ಇನ್ನು ಯಾವ ಡಾಕ್ಟರ ಮುಖವನ್ನೂ ನೋಡುವುದಿಲ್ಲ ಎಂದ. ಕೌಸಲ್ಯಾಬಾಯಿ ಅಂಗಳದಲ್ಲಿ ಗಂಡನ ಅಕ್ಕನ ಕೈ ಹಿಡಿದು, "ಕಾಲು ಕೂಡ್ತದ ರಿ ಅಕ್ಕಾ. ಈ ಮನುಷ್ಯಾ ಉಳೀತಾನೋ ಇಲ್ಲೋ ಅಂತ ನನಗ ಅಂಜಿಕಿ ಆಗ್ಯಾದ" ಎಂದಳು.

ಮರುದಿನ ಶಾಲುಬಾಯಿ ಚಪ್ಪಲಿ ಬಿಡದೆ ಬೀದರಿನ ಆ ದವಾಖಾನೆಗೆ ನುಗ್ಗಿದಳು. ಬುಟ್ಟಿಯಲ್ಲಿ ಫೋನುಗಳು ತುಂಬಿದ್ದವು. ಮಾಧವ ಅವುಗಳಲ್ಲಿ ಒಂದನ್ನು ಒತ್ತುತ್ತಾ ಕೂತಿದ್ದ.

"ನನ್ನ ಹೆಸರಿನ ಮ್ಯಾಲ ಬರ್ದವ ನೀನೇನೋ?"

ಮಾಧವ ಅವಳು ಚಾಚಿದ ಮೊಬೈಲಿನಲ್ಲಿ ಫೋಟೊ ನೋಡಿ ನಕ್ಕ. "ಛಲೋ ಅಂತನೇ ಬರ್ದೇನಲ್ರಿ ಬಾಯೀ, ಬೈದು ಬರ್ದೇನೇನು?"

ನೋಡಿ ಈ ಮಾತು! ಮಂದಿಯ ನಾಲಿಗೆಯನ್ನೇ ಕಿತ್ತುಕೊಂಡು ತನ್ನ ಬಾಯಲ್ಲಿ ಇಟ್ಟುಕೊಂಡವನು, ಒಳ್ಳೆಯದನ್ನೇ ಆಡಿದೆನಲ್ಲ ಎನ್ನುತ್ತಾನೆ.

"ನನ್ನ ಹೆಸರು ನಿಮ್ಮಪ್ಪನ ಆಸ್ತಿ ಏನೋ? ನನ್ನ ಬೆಳ್ಳಾಗ ಸೂಜಿ ಹೋದದ್ದು ಬರ್ದೀಯೇನು? ನನ್ನ ತಮ್ಮ ಇದನ್ನ ಓದಿ ಬಂದು ಕಾಲು ಮುರ್ಕೊಂಡ್ಯಾನ. ನೀ ಏನ್ ಕೆಲಸ ಮಾಡ್ತಿ ಅಂತ ಒಂದು ಮಾತು ಕೇಳಿದ್ರ ಅವ ಸ್ಲ್ಯಾಬ್ ಹತ್ತತಿದ್ದಿಲ್ಲ!"

ಗದ್ದಲಕ್ಕೆ ಸಾಹೇಬರು ಹೊರಬಂದರು. ಅಂದು ಮೊದಲ ಬಾರಿಗೆ ಅವರ ಮುಖ ಪೂರ್ತಿ ಕಾಣಿಸಿತು. "ಅದೆಲ್ಲ ಹುಡುಗರು ನೋಡ್ಕೋತಾರಮ್ಮ, ನನಗೆ ಗೊತ್ತಿಲ್ಲ" ಎಂದರು. ಅವಳು ಬುಟ್ಟಿಯನ್ನೇ ಎತ್ತಿ ಕೂತಿದ್ದವರ ಮುಂದೆ ಹಿಡಿದಳು. "ನಿಮ್ಮ ನಿಮ್ಮ ಫೋನ್ ತಗೋರಿ! ನಿಮ್ಮ ಹೆಸರಿಲೆ ಇವ್ರು ಸುಳ್ಳು ಬರೀಲಿಕ್ಕತ್ತಾರ!"

ಆಗ ಮಾಧವ ಆಡಿದ ಮಾತನ್ನು ಅವಳು ಸಾಯುವ ತನಕ ಮರೆಯಲಾರಳು. ಮಂದಿಯ ಕಡೆ ತಿರುಗಿ ಮೆಲ್ಲಗೆ, ಬಹಳ ಕರುಣೆಯಿಂದ ಹೇಳಿದ. "ಅಂಜಬ್ಯಾಡ್ರಿ. ಇವ್ರೂ ನಮ್ಮ ಪೇಶಂಟೇ. ಗುಳಿಗಿ ಬಿಟ್ಟಾರ, ಅದಕ್ಕ ಹಿಂಗ."

ಅಷ್ಟೇ ಸಾಕಾಯಿತು. ಎಲ್ಲರ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ ಬಂತು. ಯಾರೂ ಬುಟ್ಟಿಗೆ ಕೈ ಹಾಕಲಿಲ್ಲ. ಒಬ್ಬ ಮುದುಕಿ ಶಾಲುಬಾಯಿಯ ತೋಳು ಸವರಿ, "ಕೂಡವ್ವಾ, ಸೂಜಿ ಮಾಡ್ತಾರ, ಆರಾಮ ಆಗ್ತದ" ಎಂದಳು. ಇದೆಂಥ ಅನ್ಯಾಯ! ಬೇರೆ ಅಂಗಡಿಯಲ್ಲಿ ಮೋಸ ಹೋದವರು ಕೂಗಿದರೆ ನಾಲ್ಕು ಮಂದಿ ಸೇರುತ್ತಾರೆ. ಇಲ್ಲಿ ಕೂಗಿದರೆ ಆ ಕೂಗನ್ನೇ ರೋಗ ಅನ್ನುತ್ತಾರೆ. ತಾನು ರೋಗಿ ಎಂಬುದನ್ನು ಮುಚ್ಚಿಟ್ಟಿದ್ದರಿಂದಲೇ ಅವನ ಮಾತು ತನ್ನ ಬಾಯಿ ಕಟ್ಟಿತು ಎಂದು ಅವಳಿಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು.

ಮನೆಗೆ ಬಂದು ವಜೀರಬೀಯ ಮಗಳಿಂದ ಆ ಸುಳ್ಳನ್ನು ಅಳಿಸಿ ಹಾಕಿಸಿದಳು, ನಡೆದದ್ದನ್ನು ಕನ್ನಡದಲ್ಲಿ ಬರೆಸಿದಳು. ವಾರ ಕಳೆಯುವುದರೊಳಗೆ ಅದರ ಮೇಲೆ ಐದೈದು ಚುಕ್ಕಿಗಳ ಹೊಸ ರಾಶಿ ಬಿದ್ದು ಅವಳ ಮಾತು ಹುಡುಕಿದರೂ ಸಿಗದಾಯಿತು.

ಕೊನೆಗೆ ಕೌಸಲ್ಯಾಬಾಯಿ ಅತ್ತೂ ಕರೆದೂ ಗಂಡನನ್ನು ಶಾಲುಬಾಯಿ ಹೇಳಿದ ಭಾಲ್ಕಿಯ ದವಾಖಾನೆಗೆ ಹೊರಡಿಸಿದಳು. ಶಾಲುಬಾಯಿ ಬೀದರಿನಿಂದ ನೇರ ಅಲ್ಲಿಗೆ ಬಂದಳು. ನಲಿನಿ ಡಾಕ್ಟರಮ್ಮನ ಬೆಂಚುಗಳು ತುಂಬಿದ್ದವು. ಅದೇ ಸಾಲಿನ ತುದಿಯಲ್ಲಿ ಕುಶನೂರಿನ ಜಿಜಾಬಾಯಿ ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದಳು. ಅವಳ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಔರಾದ ಮುಟ್ಟುತ್ತದೆ ಎಂದು ಊರಿಗೆಲ್ಲ ಗೊತ್ತು.

ಮಚ್ಛೇಂದ್ರ ಮೊಬೈಲ್ ತೆಗೆದ. ಬೆರಳು ಆಡಿಸಿದ. ಮುಖ ಕಪ್ಪಿಟ್ಟಿತು.

"ಅಕ್ಕಾ, ಇವ್ರಿಗಿ ಎರಡೇ ಚುಕ್ಕಿ ಅವ. ಸೂಜಿ ಮಾಡಂಗಿಲ್ಲ, ಸಲಾಯಿನ್ ಹಚ್ಚಂಗಿಲ್ಲ, ಬರೇ ಮಾತಾಡಸ್ತಾರ, ಹೋಗಬ್ಯಾಡ್ರಿ ಅಂತ ಬರ್ದಾರ ಮಂದಿ."

ಇದನ್ನು ಯಾವ ಕಂಪೌಂಡರೂ ಬರೆದಿರಲಿಲ್ಲ. ನಮ್ಮ ಮಂದಿಯೇ, ಮನಸಾರೆ, ತಮ್ಮ ಕೈಯಾರೆ ಬರೆದಿದ್ದರು. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಎನ್ನುವ ಮಂದಿಗೆ ಏನು ಹೇಳಬೇಕು! ಮಚ್ಛೇಂದ್ರ ಊರುಗೋಲು ಊರಿ ಎದ್ದ. "ನಡಿ ಕೌಸಲ್ಯಾ, ಊರಿಗಿ ಹೋಗೋಣ. ಒಂದು ಸಲ ನಂಬಿದ್ದು ಸಾಕು."

ಶಾಲುಬಾಯಿ ಅವನ ಮುಂದೆ ಅಡ್ಡ ನಿಂತಳು. ಮೊಬೈಲನ್ನು ಕಸಿದು ಕೌಸಲ್ಯಾಬಾಯಿಯ ಮಡಿಲಿಗೆ ಎಸೆದಳು.

"ಅದನ್ನ ಯಾಕ ಕೇಳ್ತಿಯೋ? ಅಕ್ಕ ಎದುರಿಗಿ ನಿಂತಾಳ, ನನ್ನ ಕೇಳು! ಜಂಪರ್ ಕೊಡಾಕ ಹೋಗಿದ್ದೆ ಅಂದದ್ದು ಸುಳ್ಳು. ನನ್ನ ತಲಿ ಕೆಟ್ಟಿತ್ತು. ನಿಮ್ಮ ಭಾವನ ಗಾಡಿ ಹಾರ್ನ್ ಕೇಳಸ್ತಿತ್ತು, ಹುಚ್ಚಿ ಹಂಗ ಎದ್ದೆದ್ದು ಬಾಗಿಲಾ ತಗೀತಿದ್ದೆ. ಆ ದವಾಖಾನಿ ಗುಳಿಗಿ ತಿಂದು ಈ ಬೆಳ್ಳು ಹೊಲ್ಕೊಂಡೆ, ನೋಡಿಲ್ಲಿ! ನನಗ ಆರಾಮ ಮಾಡಿದವ್ರು ಈ ಡಾಕ್ಟರ್ ಬಾಯಿ. ಇನ್ನೂ ಇವರ ಗುಳಿಗಿ ತಗೋತೇನಿ. ಜಿಜಾಬಾಯಿ, ನಿನಗೂ ಕೇಳಿಸ್ತಲ್ಲ? ಊರಾಗೆಲ್ಲ ಹೇಳು ಹೋಗು!"

ಜಿಜಾಬಾಯಿ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಮಚ್ಛೇಂದ್ರ ಅಕ್ಕನ ಬೆರಳನ್ನು ನೋಡಿದ. ಉಗುರಿನ ನಡುವೆ ಸೂಜಿ ಹೋದ ಕಪ್ಪು ಗುರುತು ಇನ್ನೂ ಇತ್ತು. ಅವನು ಮತ್ತೆ ಬೆಂಚಿನ ಮೇಲೆ ಕೂತ.

ಅವನ ಸರದಿ ಬಂದಾಗ ಅಕ್ಕನೇ ಕೈ ಹಿಡಿದು ಒಳಗೆ ಕರೆದೊಯ್ದಳು. ನಲಿನಿ ಡಾಕ್ಟರಮ್ಮ ಊರುಗೋಲನ್ನು ತಾವೇ ತೆಗೆದು ಗೋಡೆಗೆ ಒರಗಿಸಿದರು.

"ಕೂಡ್ರಿ. ಏನ್ ಕೆಲಸ ಮಾಡ್ತೀರಿ?"

ಮಚ್ಛೇಂದ್ರ ಕೂತ. ಪುಣೆಯಿಂದ ಮುಚ್ಚಿಟ್ಟುಕೊಂಡು ಬಂದ ಅಳುವೆಲ್ಲ ಒಮ್ಮೆಲೇ ಬಂತು. ಅವರು ಕಾದರು.

"ಗಾರೆ ಕೆಲಸ ರಿ," ಎಂದ ಕೊನೆಗೆ. "ಎತ್ತರದ ಮ್ಯಾಲ ನಿಂತು ಮಾಡೂದು. ಬೀದರಿನ ಆ ದವಾಖಾನ್ಯಾಗ ಇದನ್ನ ಯಾರೂ ಕೇಳ್ಲಿಲ್ಲ ರಿ."