ಗುಂಡನಿಗೆ ಸಿಟ್ಟು ಕಲಿಸಿದ ಅತ್ತಿಗೆ

ನಮ್ಮ ಅತ್ತಿಗೆಗೆ ಜೋರು ಮಾಡಲು ಬರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇವರೇ ‘ಪರವಾಗಿಲ್ಲ’ ಅನ್ನುವ ಪೈಕಿ. ಅಂಥವರ ತಲೆಗೆ ಒಂದು ಮುಳ್ಳುಹಂದಿಗೆ ಸಿಟ್ಟು ಕಲಿಸುವ ಕೆಲಸ ಬಂದು ಬಿತ್ತು.

ಊರಾಚೆಯ ಕಾಡುಪ್ರಾಣಿಗಳ ಆರೈಕೆ ಕೇಂದ್ರದಲ್ಲಿ ತಬ್ಬಲಿ ಮರಿಗಳನ್ನು ಸಾಕುವುದು ಅವರ ಕೆಲಸ. ತಾಯಿ ಲಾರಿಗೆ ಸಿಕ್ಕಿ ಸತ್ತ ಮೇಲೆ ಈ ಮರಿ ಬಂದಾಗ ಅದರ ಮುಳ್ಳಿನ್ನೂ ಮೆತ್ತಗಿತ್ತು. ಅತ್ತಿಗೆ ಬಾಟಲಿಯಲ್ಲಿ ಹಾಲು ಕುಡಿಸಿದರು, ಕುಂಬಳಕಾಯಿ ಹೋಳು ತಿನ್ನಿಸಿದರು, ಗುಂಡ ಎಂದು ಕರೆದರು. ಅವರ ರಬ್ಬರ್ ಬೂಟಿನ ಸದ್ದಾದರೆ ಸಾಕು, ಗುಂಡ ಓಡಿ ಬಂದು ಬೂಟಿನ ಮೇಲೆ ಗದ್ದವೂರಿ ಕೂರುತ್ತಿದ್ದ.

ಮುಳ್ಳುಹಂದಿ ಮುಳ್ಳನ್ನು ಬಾಣದ ಹಾಗೆ ಎಸೆಯುತ್ತದೆ ಅನ್ನುವುದೆಲ್ಲ ಬುರುಡೆ. ಅದು ಮೊದಲು ಮುಳ್ಳು ನಿಗುರಿಸುತ್ತದೆ, ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಅಲ್ಲಾಡಿಸುತ್ತದೆ, ನೆಲಕ್ಕೆ ಕಾಲು ಬಡಿಯುತ್ತದೆ. ಅದಕ್ಕೂ ಬಗ್ಗದವರ ಮೇಲೆ ತಿರುಗಿ ನಿಂತು ಹಿಮ್ಮುಖವಾಗಿಯೇ ನುಗ್ಗುತ್ತದೆ. ಚಿರತೆಯೂ ಆಗ ಹಿಂದೆಮುಂದೆ ನೋಡುತ್ತದೆ.

ಗುಂಡನಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. ಪರೀಕ್ಷೆಗೆಂದು ಜಾಲರಿಯಾಚೆ ಕಾವಲುನಾಯಿಯನ್ನು ತಂದು ಕಟ್ಟಿದರೆ, ಈ ಮಹಾಶಯ ಜಾಲರಿಗೆ ಒರಗಿ ನಿದ್ದೆ ಹೊಡೆದ. ನಾಯಿಗೇ ಮುಜುಗರವಾಯಿತು.

“ಹೀಗೇ ಬಿಟ್ರೆ ಇವ್ನು ಬೆಳಗಾಗೋದ್ರೊಳಗೆ ಯಾವ್ದಾದ್ರೂ ಹೊಟ್ಟೆ ಸೇರ್ತಾನೆ,” ಅಂದರು ಅಲ್ಲಿನ ಡಾಕ್ಟರು. “ಹೆದರೋದು ಕಲೀಲಿಲ್ಲ ಅಂದ್ರೆ ಜೀವನಪೂರ್ತಿ ಪಂಜರಾನೇ.”

ಅವನನ್ನು ಹೆದರಿಸಲು ಅತ್ತಿಗೆ, ನಾಯಿಯ ವಾಸನೆ ಬರಲೆಂದು ಅದು ಮಲಗುವ ಗೋಣಿಯನ್ನು ಹೆಗಲಿಗೆ ಹೊದ್ದು, ಪೊರಕೆ ಹಿಡಿದು ಗೂಡಿಗೆ ನುಗ್ಗಿದರು. ಗುಂಡ ಓಡಿ ಬಂದು ಬೂಟಿನ ಮೇಲೆ ಗದ್ದವಿಟ್ಟ. ಮರುದಿನವೂ ಅದೇ ಕಥೆ. ಊಟದ ಡಬ್ಬಿ ಕೊಡಲು ಹೋಗಿದ್ದ ನಾನು ಹಣೆ ಚಚ್ಚಿಕೊಂಡೆ.

“ಅತ್ತಿಗೆ, ಆ ಬೂಟು! ಅದರ ಸದ್ದಿಗೇ ಅಲ್ವಾ ಅವನು ಬರೋದು?”

“ಅಯ್ಯೋ, ಮರೆತೇಬಿಟ್ಟೆ ಕಣೇ,” ಅಂದರು. ಆಮೇಲೆ ಕಣ್ಣೊರೆಸಿಕೊಂಡು, “ಮರ್ತಿರ್ಲಿಲ್ಲ. ಇದೂ ಹೋದ್ರೆ ನಾನು ಯಾರು ಅಂತ್ಲೇ ಅವನಿಗೆ ಗೊತ್ತಾಗಲ್ವಲ್ಲೇ,” ಅಂದರು.

ಮರುದಿನ ನಮ್ಮಣ್ಣನ ಹಳೇ ಶೂ ಹಾಕಿಕೊಂಡು ಹೋದರು. ಊಟ ಹಾಕುವವರು ಬೇರೆಯವರಾದರು. ಅತ್ತಿಗೆಯ ಪಾಲಿಗೆ ಅರಚಿ ಅಟ್ಟುವುದೊಂದೇ ಉಳಿಯಿತು. ಮನೆಗೆ ಬಂದರೆ ಅವರ ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತಿತ್ತು. ಪ್ರೀತಿಸಿದ ಜೀವದ ಕಣ್ಣಲ್ಲಿ ದಿನಾ ಬೇಕೆಂದೇ ಕೆಟ್ಟವರಾಗುವುದು ನನ್ನ ಕೈಲಂತೂ ಆಗುತ್ತಿರಲಿಲ್ಲ. ಕಡೆಗೊಂದು ಸಂಜೆ ಕುಂಟುತ್ತಾ ಬಂದವರು ಬಾಗಿಲಲ್ಲೇ ಕಾಲು ತೋರಿಸಿದರು.

“ಚುಚ್ಚಿಬಿಟ್ಟ ಕಣೇ! ನೋಡು, ಎಷ್ಟು ಆಳ!” ಬಹುಮಾನ ಗೆದ್ದವರ ಮುಖ.

ಗುಂಡನನ್ನು ಬಿಡಲು ಕಾಡಂಚಿಗೆ ಒಯ್ದ ದಿನ ಡಾಕ್ಟರು ಕೊನೆಯ ಪರೀಕ್ಷೆ ಇಟ್ಟರು. “ಹಳೇ ಬೂಟಲ್ಲೇ ಬನ್ನಿ. ಅದಕ್ಕೂ ಓಡಿ ಬಂದ್ರೆ ವಾಪಸ್ ಪಂಜರಕ್ಕೆ.”

ಪೆಟ್ಟಿಗೆಯ ಬಾಗಿಲು ತೆರೆಯಿತು. ಗುಂಡ ಹೊರಬಂದು ಪೊದೆಯತ್ತ ಹೊರಟ. ಅತ್ತಿಗೆ ಹೆಜ್ಜೆ ಇಟ್ಟರು. ಸದ್ದಿಗೆ ಗುಂಡ ನಿಂತ, ಮೂಗರಳಿಸಿದ. ಮುಳ್ಳುಗಳೆಲ್ಲ ಎದ್ದವು. ಬಾಲ ಗಲಗಲ ಅಂದಿತು. ಕಾಲು ಬಡಿದು, ತಿರುಗಿ ಅತ್ತಿಗೆಯತ್ತ ಹಿಮ್ಮುಖವಾಗಿ ನುಗ್ಗಿದ.

“ಭೇಷ್ ಮಗನೇ,” ಅಂದರು ಅತ್ತಿಗೆ ಹಿಂದೆ ಸರಿಯುತ್ತ, ಅವನಿಗೆ ಕೇಳಿಸದ ಹಾಗೆ. ಆಮೇಲೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಬರಿಗಾಲಲ್ಲಿ ನಡೆದು ಬಂದರು.