ಹೊಸ್ತಿಲು ದಾಟಿದ ಬೂಟು

ಆಗೆಲ್ಲ ನಮ್ಮ ಹೊನ್ನಾಳಿಯಲ್ಲಿ ಒಂದು ಮನೆಗೆ ಎಷ್ಟು ಜನ ಬಂದಿದ್ದಾರೆ ಎಂದು ತಿಳಿಯಲು ಒಳಗೆ ಇಣುಕಬೇಕಾಗಿರಲಿಲ್ಲ, ಕಟ್ಟೆಯ ಬುಡದಲ್ಲಿ ಬಿಟ್ಟ ಚಪ್ಪಲಿ ಎಣಿಸಿದರೆ ಸಾಕಿತ್ತು. ಕಾಫಿಗೆ ಎಷ್ಟು ಲೋಟ ನೀರಿಡಬೇಕು ನೋಡಿಕೊಂಡು ಬಾ ಎಂದು ಅಮ್ಮ ನನ್ನನ್ನು ಹಿಂಬಾಗಿಲಿನಿಂದ ಕಳಿಸುತ್ತಿದ್ದಳು. ಟೈರಿನ ಅಟ್ಟೆಯ ಚಪ್ಪಲಿಯಾದರೆ ಹಳ್ಳಿಯಿಂದ ಬಂದವರು, ಅವರಿಗೆ ದೊಡ್ಡ ಲೋಟ. ಕಿರ್ರೆನ್ನುವ ಚರ್ಮದ ಚಪ್ಪಲಿಯಾದರೆ ಬೀಗರ ಪೈಕಿ, ಅವರಿಗೆ ಬಸಿ ಸಮೇತ ಕಪ್ಪು. ನಾನು ಒಂದು ದಿನವೂ ಲೆಕ್ಕ ತಪ್ಪಿದವಳಲ್ಲ.

ಈ ಚಪ್ಪಲಿಗಳಿಗೆಲ್ಲ ಯಜಮಾನಿ ನಮ್ಮಜ್ಜಿ, ಅಪ್ಪನ ತಾಯಿ. ಅವಳ ಕಾನೂನು ಒಂದೇ: ಕೆರ ಹೊರಗೆ, ಕಾಲು ತೊಳ್ಕಂಡು ಒಳಗೆ. ಬಾಗಿಲ ಪಕ್ಕದಲ್ಲಿ ತಾಮ್ರದ ಹಂಡೆ, ಅದರ ಮೇಲೊಂದು ಚೊಂಬು ಸದಾ ಇರುತ್ತಿತ್ತು. ಹಿಮ್ಮಡಿಗೆ ನೀರು ತಾಗಿಸದೆ ಬೆರಳಷ್ಟೇ ನೆನೆಸಿಕೊಂಡು ಬಂದರೆ ಅಜ್ಜಿಗೆ ಅದು ಹೇಗೋ ಗೊತ್ತಾಗಿ, ಮತ್ತೆ ಹೊರಗೆ ಅಟ್ಟುತ್ತಿದ್ದಳು. ಒಮ್ಮೆ ಅಪ್ಪನನ್ನು ನೋಡಲು ದಾವಣಗೆರೆಯಿಂದ ಯಾರೋ ಆಫೀಸಿನ ಸಾಹೇಬರು ಬಂದರು. ಬೂಟು ಹಾಕಿಕೊಂಡೇ ಹೊಸ್ತಿಲಿಗೆ ಕಾಲಿಟ್ಟರು. ಅಜ್ಜಿ ಚೊಂಬು ಹಿಡಿದು ಅಡ್ಡ ನಿಂತಳು. ಅವರು ಬೂಟು ಬಿಚ್ಚಿದರೆ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಪಾಪ, ಆ ಬೆರಳನ್ನು ಮುಚ್ಚಿಕೊಳ್ಳುವುದರಲ್ಲಿ ಅವರು ಬಂದ ಕೆಲಸವನ್ನೇ ಮರೆತರು.

ನಾನು ಆ ಅಜ್ಜಿಯ ಮೊಮ್ಮಗಳು. ಮನೆಯಲ್ಲಿ ನನಗಿಂತ ಚಿಕ್ಕವರಿರಲಿಲ್ಲ. ಅಜ್ಜಿಯ ಕೌದಿಯೊಳಗೆ ಮಲಗುವುದು ನಾನು, ಅವಳ ತಟ್ಟೆಯ ಬಿಸಿ ರೊಟ್ಟಿಯ ಮೇಲಿನ ಬೆಣ್ಣೆ ನನ್ನದು, ಅವಳ ವಿಭೂತಿ, ಎಲೆ ಅಡಿಕೆ ಎಲ್ಲ ಸೇರಿದ ಆ ವಾಸನೆಯೂ ನನ್ನದೇ ಎಂದು ತಿಳಿದುಕೊಂಡಿದ್ದೆ. ಬೈಗುಳವೂ ಧಾರಾಳವಾಗಿ ಸಿಗುತ್ತಿತ್ತು. ಅದನ್ನು ಯಾರು ಲೆಕ್ಕ ಇಡುತ್ತಾರೆ!

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಆಷಾಢದ ಒಂದು ಸಂಜೆ, ಜಗಳೂರಿನ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಮಗಳು ಸುಮಿತ್ರಳನ್ನು ಕರೆದುಕೊಂಡು ಬಂದಳು. ಸುಮಿತ್ರ ನನ್ನ ವಾರಿಗೆಯವಳು. ಮೂರು ವರ್ಷದವಳಿದ್ದಾಗ ಜ್ವರ ಬಂದು ಅವಳ ಎಡಗಾಲು ಸೋತಿತ್ತು. ಅಲ್ಲಿಂದೀಚೆಗೆ ಅವಳನ್ನು ನೋಡಿದಾಗೆಲ್ಲ ಅತ್ತೆಯ ಸೊಂಟದ ಮೇಲೇ ನೋಡಿದ್ದು. ಈ ಸಲ ಅವಳು ನಿಂತುಕೊಂಡು ಬಂದಿದ್ದಳು. ದಾವಣಗೆರೆಯ ಡಾಕ್ಟರು ಕಂದು ಚರ್ಮದ ಬೂಟು ಹಾಕಿಸಿಕೊಟ್ಟಿದ್ದರು. ಎಡಗಾಲಿನ ಬೂಟಿಗೆ ಎರಡೂ ಕಡೆ ಕಬ್ಬಿಣದ ಸರಳು, ಅದು ಮೊಣಕಾಲಿನ ಮೇಲಿನವರೆಗೆ ಬಂದು ಬೆಲ್ಟಿನಲ್ಲಿ ಮುಗಿಯುತ್ತಿತ್ತು. ನನ್ನ ಕಾಲಿಗೆ ಆಗ ಅಕ್ಕ ಸವೆಸಿ ಬಿಟ್ಟ ಹವಾಯಿ ಚಪ್ಪಲಿ, ಅದರ ಪಟ್ಟಿಗೆ ಕೆಳಗಿನಿಂದ ಪಿನ್ನು. ನಾನು ನೋಡಿದ್ದು ಅವಳ ಕಾಲನ್ನಲ್ಲ. ಲೇಸು ಕಟ್ಟುವ ಬೂಟು, ಅದೂ ಹೊಸದು! ಅದನ್ನು ನೋಡಿದೆ.

ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಳು. ಅತ್ತೆ ಹೊರಗೇ ನಿಂತು, ಹೆದರಿಕೊಂಡು ಎಲ್ಲ ಹೇಳಿದಳು. ಮಲಗುವಾಗ ಬಿಟ್ಟರೆ ಬೂಟನ್ನು ಬಿಚ್ಚುವ ಹಾಗಿಲ್ಲ, ಮನೆಯೊಳಗೂ ಅದರಲ್ಲೇ ಓಡಾಡಬೇಕು, ಜಗಳೂರಿನ ಮನೆಯ ನೆಲ ಏರುಪೇರು, ನಿಮ್ಮ ನಡುಮನೆಯಾದರೆ ಕಲ್ಲು ಹಾಸಿನದು, ದೀಪಾವಳಿಯವರೆಗೆ ಇಲ್ಲಿ ನಡೆದು ಕಲಿತರೆ ತಾನಾಗಿ ಶಾಲೆಗೆ ಹೋಗಬಹುದಂತೆ.

ನಾನು ಬಾಗಿಲ ಹಿಂದೆ ನಿಂತು, ಈಗ ನೋಡು ಮಜಾ, ಅಜ್ಜಿ ಬಿಚ್ಚಿಸುತ್ತಾಳೆ ಎಂದು ಕಾಯುತ್ತಿದ್ದೆ. ಅಜ್ಜಿ ಒಳಗೆ ಹೋಗಿ ಒಂದು ಹಳೇ ಸೀರೆಯ ತುಂಡು ತಂದಳು. ಚೊಂಬಿನ ನೀರಲ್ಲಿ ಅದ್ದಿ ಹಿಂಡಿದಳು. ಹೊಸ್ತಿಲ ಒಳಗೆ ಕುಕ್ಕರಿಸಿ ಕುಳಿತು, ಸುಮಿತ್ರಳ ಕೆಸರು ಬೂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅದರ ಅಟ್ಟೆಯನ್ನು ಒರೆಸತೊಡಗಿದಳು. ಮೊದಲು ಎಡದ್ದು, ಆಮೇಲೆ ಬಲದ್ದು. ಸಂದಿಯ ಮಣ್ಣನ್ನು ಉಗುರಿನಿಂದ ತೆಗೆದಳು. ಮನೆಗೆ ಬರುವ ಅಯ್ಯನವರ ಪಾದ ಬಿಟ್ಟರೆ ಅಜ್ಜಿ ಬೇರೆಯವರ ಕಾಲನ್ನು ಹಾಗೆ ಹಿಡಿದಿದ್ದನ್ನು ನಾನು ನೋಡಿರಲಿಲ್ಲ.

"ಬಾ ಮಗಾ, ಇನ್ನು ಒಳಗೆ ಬಾ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಮನೆಯಲ್ಲಿ ಅಪ್ಪ ಬೂಟು ಹಾಕಿ ಒಳಗೆ ಬಂದಿರಲಿಲ್ಲ, ಸಾಹೇಬರು ಬಂದಿರಲಿಲ್ಲ. ಬಂದವಳು ಇವಳು, ಕಟ್ ಕಟ್ ಎಂದು ಸದ್ದು ಮಾಡಿಕೊಂಡು.

ಆವತ್ತಿನಿಂದ ಅದೇ ನಿತ್ಯದ ಪೂಜೆ. ಸುಮಿತ್ರ ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಿ ಬಂದರೆ ನಾಲ್ಕು ಸಲವೂ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವಳು. ಸುಮಿತ್ರ ಬಾಗಿಲ ಚೌಕಟ್ಟು ಹಿಡಿದು ಕಾಲು ಚಾಚಿ ನಿಲ್ಲುವಳು, ಮಹಾರಾಣಿ! ಒರೆಸಿ ಮುಗಿದ ಮೇಲೆ ಅಜ್ಜಿಯ ಕೈ ಸರಳಿನ ಗುಂಟ ಮೇಲೆ ಹೋಗಿ, ಬೆಲ್ಟು ಎಲ್ಲಾದರೂ ಒತ್ತುತ್ತಿದೆಯೇನೋ ಎಂದು ಮೀನಖಂಡವನ್ನು ಸವರಿ ನೋಡುತ್ತಿತ್ತು. ಕೌದಿಯೂ ಹೋಯಿತು. ರಾತ್ರಿ ಕಾಲು ಸೆಳೆಯುತ್ತದೆ ಎಂದು ಅವಳನ್ನು ಅಜ್ಜಿ ತನ್ನ ಮಗ್ಗುಲಿಗೆ ಹಾಕಿಕೊಂಡಳು. ನನ್ನನ್ನು ಅಕ್ಕನ ಪಕ್ಕಕ್ಕೆ ದೂಡಿದರು. ಅಕ್ಕ ಒದೆಯುತ್ತಿದ್ದಳು.

ಒಂದು ದಿನ ನಾನು ಕೇಳಿಯೇಬಿಟ್ಟೆ, ಎಲ್ಲರ ಚಪ್ಪಲಿ ಹೊರಗೆ ಬಿಡಿಸುತ್ತೀಯ, ಅವಳ ಬೂಟು ಮಾತ್ರ ಯಾಕೆ ಒಳಗೆ, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಯಾಕೆ ಎಂದು.

"ಅದು ಕೆರ ಅಲ್ಲ ಕಣೆ. ಅದು ಆಕೆ ಕಾಲು" ಎಂದಳು ಅಜ್ಜಿ.

"ಹಂಗಾರೆ ನನ್ನ ಕಾಲೂ ಒರೆಸು."

"ನಿನಗೇನಾಗೈತೆ ದಾಡಿ? ಬಗ್ಗಿ ತೊಳ್ಕಾ."

ನಾನು ಬಗ್ಗಿ ತೊಳೆದುಕೊಂಡೆ. ಆದರೆ ಸೇಡು ತೀರಿಸದೆ ಬಿಡುವವಳೇ ನಾನು? ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಟ್ಟೆಯ ಮುಂದೆ, ಸುಮಿತ್ರ ಕುಳಿತ ಜಾಗಕ್ಕೆ ಸರಿಯಾಗಿ ಎದುರಿಗೆ, ಕುಂಟಾಬಿಲ್ಲೆಯ ಮನೆ ಬರೆದು ದಿನಾ ಸಂಜೆ ಆಡುತ್ತಿದ್ದೆ. ಓಣಿಯಲ್ಲಿ ಬೇರೆ ಜಾಗ ಇರಲಿಲ್ಲವೇ, ಇತ್ತು. ಒಂಟಿ ಕಾಲಿನಲ್ಲಿ ಎಂಟು ಮನೆ ಹಾರಿ, ತಿರುಗಿ, ಮತ್ತೆ ಎಂಟು ಮನೆ ಹಾರಿ, ಅವಳ ಮುಖ ನೋಡುತ್ತಿದ್ದೆ. ಅವಳು ಅಳಲಿ ಎಂದು ನನ್ನ ಆಸೆ. ಅವಳು ಮಂಡಕ್ಕಿ ತಿನ್ನುತ್ತ, ಗೆರೆ ತುಳಿದೆ, ಔಟ್ ಎಂದು ಹೇಳುತ್ತಿದ್ದಳು. ತುಳಿದಿರುತ್ತಿದ್ದೆ ಕೂಡ. ಅದಕ್ಕೆ ಇನ್ನಷ್ಟು ಸಿಟ್ಟು.

ಶ್ರಾವಣ ಬಂತು. ಹೊಳೆ ಕೆಂಪಗೆ ಏರಿ ಊರವರೆಲ್ಲ ಸೇತುವೆಯ ಮೇಲೆ ನಿಂತು ನೋಡುವ ಹೊತ್ತು. ನಾಗರಪಂಚಮಿಗೆ ಅಮ್ಮ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಮಾಡಿದಳು. ಹುರಿದ ಎಳ್ಳಿನ ವಾಸನೆ ಮನೆಯಲ್ಲಿ ಮೂರು ದಿನ ಇತ್ತು. ನಡುಮನೆಯ ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಮೊದಲು ಕೂರಿಸಿದ್ದು ಸುಮಿತ್ರಳನ್ನು. ಅಜ್ಜಿ ಹಿಂದೆ ನಿಂತು ತೂಗಿದಳು. ಬೂಟುಗಳು ಮುಂದೆ ಹೋಗಿ ಹಿಂದೆ ಬರುತ್ತಿದ್ದವು. ನಾನು ಕೈಯಲ್ಲಿದ್ದ ಎಳ್ಳುಂಡೆಯನ್ನು ಡಬ್ಬಿಗೆ ವಾಪಸು ಹಾಕಿದೆ.

ಹಬ್ಬ ಕಳೆದು ಎರಡು ದಿನಕ್ಕೆ, ಮಧ್ಯಾಹ್ನವೇ ಮೋಡ ಕವಿದು ಮನೆಯೊಳಗೆ ಕತ್ತಲಾಗಿತ್ತು. ಅಮ್ಮ, ಅಕ್ಕ ಅಡುಗೆಮನೆಯಲ್ಲಿದ್ದರು. ಸುಮಿತ್ರ ಕೋಣೆಯಲ್ಲಿ ಮಲಗಿದ್ದಳು. ಮಲಗುವಾಗ ಮಾತ್ರ ಬಿಚ್ಚುವ ಬೂಟು ಅವಳ ತಲೆದಿಂಬಿನ ಪಕ್ಕದಲ್ಲಿತ್ತು. ಅಜ್ಜಿ ನಡುಮನೆಯ ಬಾಗಿಲ ಹತ್ತಿರ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಿದ್ದಳು ಅನ್ನುವುದು ಹೆಸರಿಗೆ ಮಾತ್ರ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಕಲ್ಲನ್ನು ಬೆರಳಿನಿಂದಲೇ ಹುಡುಕಬೇಕಾಗಿತ್ತು.

ನಾನು ಬೂಟು ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದು, ಸುತ್ತು ಹಾಕಿ, ಕಟ್ಟೆಯ ಮೇಲೆ ಕುಳಿತು ಹಾಕಿಕೊಂಡೆ. ಎಡಗಾಲಿನ ಬೆಲ್ಟು ನನಗೆ ಬಿಗಿ. ಕೊನೆಯ ತೂತಿಗೆ ಹಾಕಿದರೂ ಚರ್ಮ ಹಿಂಡುತ್ತಿತ್ತು. ಎದ್ದು ನಿಂತರೆ ಮೊಣಕಾಲು ಮಡಚಲು ಬರುವುದಿಲ್ಲ, ಕಾಲೆಂಬುದು ಒನಕೆಯಾಗಿತ್ತು. ಬೇಕೆಂದೇ ಕೆಸರಿನಲ್ಲಿ ಎರಡು ಹೆಜ್ಜೆ ನಡೆದೆ. ಕಟ್, ಕಟ್ ಎಂದು ಮೆಟ್ಟಿಲು ಹತ್ತಿ, ಚೌಕಟ್ಟು ಹಿಡಿದು, ಅವಳು ನಿಲ್ಲುವ ಹಾಗೆಯೇ ಕಾಲು ಚಾಚಿ ನಿಂತೆ.

ಅಜ್ಜಿ ಮೊರ ಸರಿಸಿದಳು. "ಈ ಮಳೇಲಿ ಎಲ್ಲಿಗೆ ಹೋಗಿದ್ಯೆ ಮಗಾ" ಎನ್ನುತ್ತ ಬಟ್ಟೆ ತಂದು, ಕುಳಿತು, ನನ್ನ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡಳು. ನಾನು ಉಸಿರು ಬಿಡಲಿಲ್ಲ. ಚರ್ಮದ ಅಟ್ಟೆಯ ಮೂಲಕವೂ ಅವಳ ಕೈ ಗೊತ್ತಾಗುತ್ತಿತ್ತು. ಒಂದು ತಿಂಗಳಿಂದ ನಾನು ಬೇಡಿಕೊಂಡಿದ್ದು ಇದನ್ನೇ.

ಒರೆಸುತ್ತ ಅವಳು ಮೆಲ್ಲಗೆ ಮಾತಾಡಿದಳು. "ಆಕೆ ನಿನ್ನ ಮುಂದೆ ಕುಂಟಾಬಿಲ್ಲೆ ಆಡ್ತಾಳಲ್ಲ, ಮನಸಿಗೆ ಹಚ್ಕಬ್ಯಾಡ. ಕೆಟ್ಟ ಕೂಸಲ್ಲ ಅದು. ನನ್ನ ಹಂಗೇ ಐತೆ, ಹೊಟ್ಟೆಕಿಚ್ಚಿಂದು. ನಾನೂ ಸಣ್ಣಾಕೆ ಇದ್ದಾಗ ಹಿಂಗೇ ಇದ್ದೆ."

ನೋಡಿ ನನ್ನ ಹಣೆಬರಹ. ನಾನು ಅಜ್ಜಿಯ ಹಾಗೇ ಇದ್ದೇನೆ ಎಂದು ಅವಳು ಹೇಳಿದ್ದು ಜನ್ಮದಲ್ಲಿ ಅದೊಂದೇ ಸಲ. ಅದನ್ನೂ ಹೇಳಿದ್ದು ನನಗಲ್ಲ, ಸುಮಿತ್ರಳಿಗೆ. ನನ್ನ ಬಗ್ಗೆ ಆಡಿದ ಒಂದು ಒಳ್ಳೆಯ ಮಾತೂ ಅವಳ ಪಾಲಿಗೇ ಹೋಯಿತಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಅಷ್ಟರಲ್ಲಿ ಅಜ್ಜಿಯ ಕೈ ಅಭ್ಯಾಸದಂತೆ ಸರಳಿನ ಗುಂಟ ಮೇಲೆ ಬಂತು. ಮೀನಖಂಡ ಸವರಿತು. ಸುಮಿತ್ರಳ ಆ ಕಾಲು ನನ್ನ ಮುಂಗೈಯಷ್ಟು ತೆಳ್ಳಗೆ. ನನ್ನದು ದಿನಾ ಕುಂಟಾಬಿಲ್ಲೆ ಆಡಿದ ಕಾಲು. ಕೈ ಅಲ್ಲೇ ನಿಂತಿತು.

"ನೀನೇನೆ?"

ಅಜ್ಜಿ ಎದ್ದು ನನ್ನ ಕಿವಿ ಹಿಡಿದು ಹಿಂಡಿದಳು, ಬೆನ್ನಿಗೊಂದು ಗುದ್ದಿದಳು. ಕಳ್ಳಿ, ಮನೆಹಾಳಿ, ನಿನ್ನ ಬುದ್ಧಿಗೆ ಮಣ್ಣು ಹಾಕ ಎಂದು ಶುರುವಾಗಿ, ನನ್ನ ಅಪ್ಪನ ಬಾಲ್ಯದ ತಪ್ಪುಗಳವರೆಗೆ ಹೋಗಿ ಬಂದಳು. ಆಮೇಲೆ ದನಿ ತಗ್ಗಿಸಿದಳು.

"ಬಿಚ್ಚು ಬೇಗ. ಆಕೆ ಎದ್ರೆ ಕಾಲು ಹುಡುಕ್ತಾಳೆ."

ಬೆಲ್ಟು ಬಿಗಿಯಾಗಿ ನನಗೆ ಬಿಚ್ಚಲು ಬರಲಿಲ್ಲ. ಅಜ್ಜಿಯೇ ಬಿಚ್ಚಿದಳು, ಬೂಟನ್ನು ಮತ್ತೊಂದು ಸಲ ಒರೆಸಿ ಒಯ್ದು ಸುಮಿತ್ರಳ ಪಕ್ಕದಲ್ಲಿ ಇದ್ದ ಹಾಗೇ ಇಟ್ಟಳು. ಅಮ್ಮನಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ನಾನು ಕುಂಟಾಬಿಲ್ಲೆಯನ್ನು ಪಕ್ಕದ ಓಣಿಗೆ ಒಯ್ದೆ. ಹೊಟ್ಟೆಕಿಚ್ಚು ಮಾತ್ರ ಎಲ್ಲಿಗೂ ಹೋಗಲಿಲ್ಲ.

ದೀಪಾವಳಿಗೆ ಅತ್ತೆ ಬಂದಾಗ ಸುಮಿತ್ರ ಯಾರ ಕೈಯೂ ಹಿಡಿಯದೆ ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ಜಗಳೂರಿನಲ್ಲಿ ಶಾಲೆಗೆ ಸೇರಿದಳು, ಓದಿದಳು, ಅಲ್ಲೇ ಟೀಚರಾದಳು. ಕೌದಿ ನನಗೆ ವಾಪಸು ಬಂತು. ನಾನು ಹೈಸ್ಕೂಲು ಮುಗಿಸುವ ವರ್ಷ ಅಜ್ಜಿ ತೀರಿಕೊಂಡಳು. ಆಮೇಲೆ ಅಪ್ಪ ಮನೆ ಮಾರಿದರು.

ಈಗ ನಾನು ಚನ್ನಗಿರಿಯಲ್ಲಿದ್ದೇನೆ. ಹಿಮ್ಮಡಿ ನೋವಿಗೆ ಡಾಕ್ಟರು ಹೇಳಿದ್ದಾರೆಂದು ಮನೆಯೊಳಗೇ ರಬ್ಬರ್ ಚಪ್ಪಲಿ ಹಾಕಿಕೊಂಡು ಓಡಾಡುತ್ತೇನೆ, ಕೇಳುವವರಿಲ್ಲ. ಬಂದವರೂ ಬಾಗಿಲಲ್ಲಿ ನಿಂತು, ಬಿಡಬೇಕಾ ಎನ್ನುತ್ತಾರೆ. ಇರಲಿ ಬನ್ನಿ ಎನ್ನುತ್ತೇನೆ. ಕಾಲು ತೊಳೆಯಲು ನೀರು ಕೊಟ್ಟರೆ ಅವರಿಗೇ ಮುಜುಗರ.

ಹೋದ ತಿಂಗಳು ಸುಮಿತ್ರ ಮಗನ ಲಗ್ನಪತ್ರಿಕೆ ಕೊಡಲು ಬಂದಿದ್ದಳು. ಇರಲಿ ಬಾರೆ ಎಂದು ಅವಳನ್ನೂ ಹಾಗೇ ಒಳಗೆ ಕರೆದೆ. ಕಾಫಿ ಕುಡಿಯುತ್ತ ಅಜ್ಜಿಯ ಮಾತು ಬಂತು. ಇಷ್ಟು ವರ್ಷಕ್ಕೆ ನಾನು ಬಾಯಿ ಬಿಟ್ಟೆ. ನಿನ್ನ ಬೂಟು ಹಾಕಿಕೊಂಡು ಅಜ್ಜಿಗೆ ಮೋಸ ಮಾಡಿದ್ದೆ ಕಣೆ ಎಂದು ಹೇಳಿ, ನಕ್ಕು ಹಗುರ ಮಾಡಿಕೊಳ್ಳೋಣ ಎಂದಿದ್ದೆ.

ಸುಮಿತ್ರ ಲೋಟ ಕೆಳಗಿಟ್ಟಳು. "ಗೊತ್ತು. ನೀನು ಬೂಟು ಎತ್ತುವಾಗಲೇ ನನಗೆ ಎಚ್ಚರ ಇತ್ತು. ಸುಮ್ಮನೆ ಮಲಗಿದ್ದೆ. ಎಲ್ಲ ಕೇಳಿಸ್ತು."

ಬೈಯುತ್ತಾಳೆ ಎಂದುಕೊಂಡೆ.

"ನಿನ್ನ ಕಿವಿ ಹಿಂಡಿ ಬೈದ್ಲಲ್ಲ ಅಜ್ಜಿ, ನಿಮ್ಮಪ್ಪನ್ನೂ ಸೇರಿಸಿ. ಕೇಳಿ ಕೇಳಿ ನನಗೆ ಅಳು ಬಂತು. ಆ ಮನೇಲಿ ಅಷ್ಟು ದಿನ ಇದ್ದೆ, ನನಗೆ ಒಂದು ದಿನ, ಒಂದೇ ಒಂದು ಮಾತು ಬೈಲಿಲ್ಲ ಕಣೆ. ಕೆಸರು ತುಳಿದು ಬಂದ್ರೂ ಬೈಲಿಲ್ಲ. ಬೇಕಂತಲೇ ತುಳೀತಿದ್ದೆ ನಾನು. ನೀನು ಮನೆ ಹುಡುಗಿ. ನಾನು ಬಂದಾಕೆ."

ಕಾಫಿ ಇನ್ನಷ್ಟು ತರುತ್ತೇನೆ ಎಂದು ಅಡುಗೆಮನೆಗೆ ಎದ್ದು ಹೋದೆ, ಪಾತ್ರೆಯಲ್ಲಿ ಕಾಫಿ ಇಲ್ಲವೆಂದು ಗೊತ್ತಿದ್ದೂ. ಆ ಬೈಗುಳಗಳನ್ನು ನಾನು ಕಿವಿ ಕೊಡವಿ ಎಸೆದುಬಿಟ್ಟಿದ್ದೆ, ಒಂದನ್ನೂ ಲೆಕ್ಕಕ್ಕಿಟ್ಟಿರಲಿಲ್ಲ. ಅವಳು ಮುಸುಕಿನೊಳಗೆ ಮಲಗಿ ಅವಕ್ಕೆ ಆಸೆಪಟ್ಟಿದ್ದಳು. ಒಂದು ಬೈಗುಳ ಅವಳಿಗೆ ಕೊಟ್ಟು ಒಂದು ಸಲ ಕಾಲು ಒರೆಸಿಸಿಕೊಳ್ಳುವ ಹಾಗಿದ್ದರೆ ನಾವಿಬ್ಬರೂ ಈಗಲೂ ಅದಲುಬದಲು ಮಾಡಿಕೊಂಡೇವು. ಬೈಯುವವಳೂ ಒರೆಸುವವಳೂ ಒಬ್ಬಳೇ, ಅವಳೇ ಇಲ್ಲ.